ಇಲ್ಲದವಳ ತದ್ರೂಪ

ನಮ್ಮ ತಂಗಿಯ ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಗೆ ಬಂದವಳು ಒಂದು ಸಂಜೆ ಮೊಬೈಲಿನಲ್ಲಿದ್ದ ಫೋಟೋವೊಂದನ್ನು ನಮ್ಮ ಮುಂದೆ ಹಿಡಿದಳು. ಪಾಳುಬಿದ್ದ ಕಲ್ಲಿನ ಕಮಾನಿನ ಕೆಳಗೆ ಯುರೋಪಿನ ಒಬ್ಬ ಯುವತಿ ನಿಂತಿದ್ದಾಳೆ. ಹಸಿರು ಬೆರೆತ ನೀಲಿ ಬಣ್ಣದ ತೋಳಿಲ್ಲದ ಅಂಗಿ, ಕಂದು ಚಡ್ಡಿ, ದಪ್ಪ ಬೂಟು, ಬೆನ್ನಿಗೊಂದು ಪುಟ್ಟ ಚೀಲ, ಎರಡು ತೊಡೆಗಳಿಗೂ ಬಿಗಿದ ಪಿಸ್ತೂಲಿನ ಚರ್ಮದ ಒರೆ, ಉದ್ದನೆಯ ಜಡೆ. ಒಂದು ಹೆಜ್ಜೆ ಮುಂದಿಟ್ಟು, ಗದ್ದವನ್ನು ಸ್ವಲ್ಪ ತಗ್ಗಿಸಿ ಕಮಾನಿನ ಆಚೆಯ ಕತ್ತಲನ್ನೇ ದಿಟ್ಟಿಸುತ್ತಿದ್ದಾಳೆ.

'ಮಾಮೂ, ನಿಜವಾದ ಲಾರಾ ಕ್ರಾಫ್ಟೇ ಎದ್ದು ಬಂದ ಹಾಗಿಲ್ಲವಾ?'

ನಿಜವಾದ ಲಾರಾ ಕ್ರಾಫ್ಟ್ ಎಲ್ಲಿದ್ದಾಳೆ ಎಂದು ನಾವು ಕೇಳಿದೆವು. ಹುಡುಗಿ ನಕ್ಕುಬಿಟ್ಟಳು. ಪ್ರಶ್ನೆಯನ್ನು ತಮಾಷೆಗೇ ಕೇಳಿದ್ದರೂ ಅದು ನಮ್ಮನ್ನು ಬಿಡಲಿಲ್ಲ. ಎಂದೂ ಹುಟ್ಟದ, ಎಲ್ಲಿಯೂ ಬದುಕಿರದ ಒಬ್ಬಳನ್ನು ಇನ್ನೊಬ್ಬಳು 'ಅಚ್ಚು ಹಾಗೆಯೇ' ಹೋಲುತ್ತಾಳೆ ಎಂದರೆ ಏನರ್ಥ? ಆ ಹೋಲಿಕೆಯನ್ನು ಮೆಚ್ಚುವಾಗ ನಾವು ಮೆಚ್ಚುತ್ತಿರುವುದು ಯಾರನ್ನು?

ಕಂಪ್ಯೂಟರ್ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಕಂಪನಿ 1996ರಲ್ಲಿ 'ಟೂಂಬ್ ರೈಡರ್' ಎಂಬ ಆಟವನ್ನು ಹೊರತಂದಿತು. ಹಳೆಯ ಗೋರಿಗಳನ್ನು, ಪಾಳು ದೇಗುಲಗಳನ್ನು ಹೊಕ್ಕು ಪ್ರಾಚೀನ ವಸ್ತುಗಳನ್ನು ಹುಡುಕಿ ತೆಗೆಯುವ ಸಾಹಸಿಯ ಕಥೆ. ಅದರ ನಾಯಕಿಯನ್ನು ರೂಪಿಸಿದ್ದು ಟೋಬಿ ಗಾರ್ಡ್ ಎಂಬ ಯುವ ಕಲಾವಿದ. ಮೊದಲು ಯೋಚಿಸಿದ್ದು ಗಂಡು ನಾಯಕನನ್ನು. ಅವನು ಸಿನಿಮಾದ ಇಂಡಿಯಾನಾ ಜೋನ್ಸ್‌ನಂತೆಯೇ ಕಾಣುತ್ತಾನೆ, ಮೊಕದ್ದಮೆ ಬಿದ್ದೀತು ಎಂಬ ಹೆದರಿಕೆಯಿಂದ ಕೈಬಿಟ್ಟರು. ಆಮೇಲೆ ಬಂದವಳು ಲೌರಾ ಕ್ರೂಜ್ ಎಂಬ ದಕ್ಷಿಣ ಅಮೆರಿಕದ ಹೆಣ್ಣು. ಮಾರಾಟಕ್ಕೆ ಇಂಗ್ಲಿಷ್ ಹೆಸರೇ ಬೇಕು ಎಂದಾದಾಗ ಡರ್ಬಿಯ ಟೆಲಿಫೋನ್ ಡೈರೆಕ್ಟರಿ ತಿರುವಿ 'ಕ್ರಾಫ್ಟ್' ಎಂಬ ಮನೆತನದ ಹೆಸರನ್ನು ಆರಿಸಿದರಂತೆ. ಹೀಗೆ ಒಬ್ಬ ಲ್ಯಾಟಿನ್ ಹೆಣ್ಣು ಇಂಗ್ಲೆಂಡಿನ ಶ್ರೀಮಂತ ಮನೆತನದ ಮಗಳಾದಳು. 2010ರಲ್ಲಿ ಡರ್ಬಿ ನಗರದ ಒಂದು ಹೊಸ ರಸ್ತೆಗೆ ಜನರ ಮತದಾನದ ಮೂಲಕ ಅವಳ ಹೆಸರನ್ನೇ ಇಡಲಾಯಿತು. ಬದುಕಿ ದುಡಿದು ಸತ್ತ ಎಷ್ಟು ಹೆಣ್ಣುಮಕ್ಕಳ ಹೆಸರು ಆ ಊರಿನ ರಸ್ತೆಗಳಿಗಿದೆಯೋ!

ಇನ್ನು ಕಾಸ್‌ಪ್ಲೇ. ವೇಷಭೂಷಣ ಮತ್ತು ಆಟ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದ ಈ ಹೆಸರನ್ನು 1980ರ ದಶಕದ ಮೊದಲ ಭಾಗದಲ್ಲಿ ಚಲಾವಣೆಗೆ ತಂದವರು ಜಪಾನಿನ ನೊಬುಯುಕಿ ತಕಹಾಶಿ. ಹವ್ಯಾಸ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಜ್ಞಾನ ಕಥಾಪ್ರಿಯರ ಮೊದಲ ವಿಶ್ವ ಸಮ್ಮೇಳನಕ್ಕೆ ಮಿರ್ಟಲ್ ಡಗ್ಲಸ್ ಎಂಬಾಕೆ ಭವಿಷ್ಯ ಕಾಲದ ಉಡುಪನ್ನು ತಾವೇ ಸಿದ್ಧಪಡಿಸಿ ಧರಿಸಿ ಹೋಗಿದ್ದರು. ಇಂದು ಜಪಾನಿನ ನಗೋಯಾದಲ್ಲಿ 2003ರಿಂದ ನಡೆದು ಬಂದಿರುವ ಜಾಗತಿಕ ಕಾಸ್‌ಪ್ಲೇ ಮೇಳವಿದೆ. ನಮ್ಮ ಬೆಂಗಳೂರಿನಲ್ಲೂ 2012ರಲ್ಲಿ ಕಾಮಿಕ್ ಕಾನ್ ಕಾಲಿಟ್ಟ ಮೇಲೆ ವೇಷಧರಿಸಿ ಬರುವ ಯುವಕ ಯುವತಿಯರ ಗುಂಪೇ ಬೆಳೆದಿದೆ. ಕೂಲಿಗಾಗಿ ಅಲ್ಲ, ದೊರೆತರೆ ಒಂದು ಬಹುಮಾನ, ಇಲ್ಲವಾದರೆ ಬರೇ ಸಂತೋಷಕ್ಕಾಗಿ ತಿಂಗಳುಗಟ್ಟಲೆ ಕುಳಿತು ಉಡುಪು ಹೊಲಿಯುವವರು ಇವರು.

ವೇಷ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ. 'ಅವರ ವೇಷ ನೋಡಬೇಕು' ಎಂದು ಯಕ್ಷಗಾನದ ಕಲಾವಿದನ ಬಗ್ಗೆ ಹೇಳಿದರೆ ಅದು ಮೆಚ್ಚುಗೆ. ಅದೇ ಒಬ್ಬ ರಾಜಕಾರಣಿಯನ್ನು ವೇಷಧಾರಿ ಎಂದರೆ ಬೈಗುಳ. ಒಂದೇ ಕ್ರಿಯೆ ಒಂದೆಡೆ ಕಲೆ, ಇನ್ನೊಂದೆಡೆ ಕಪಟ ಆಗುವುದು ಹೇಗೆ? ರಂಗಸ್ಥಳದಲ್ಲಿ ದ್ರೌಪದಿಯಾಗಿ ಕುಣಿಯುವವನು ಗಂಡಸು ಎಂಬುದು ಮೊದಲ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಗೊತ್ತಿದ್ದೂ ಆ ದ್ರೌಪದಿ ಅತ್ತಾಗ ಅಜ್ಜಿಯರ ಕಣ್ಣು ಒದ್ದೆಯಾಗುತ್ತದೆ. ಅಲ್ಲಿ ಯಾರೂ ಮೋಸ ಹೋಗಿಲ್ಲ. ಆದರೂ ಎಲ್ಲರೂ ನಂಬಿದ್ದಾರೆ.

ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಈ ಎರಡು ಬಗೆಯ ನಂಬಿಕೆಗಳನ್ನು ಬಿಡಿಸಿ ನೋಡಿದ್ದರು. ವೈದ್ಯಗ್ರಂಥದಿಂದ ಪ್ರಸಿದ್ಧರಾದ ಇವರು ಅರಿಸ್ಟಾಟಲನ ಕಾವ್ಯಮೀಮಾಂಸೆಗೂ ವ್ಯಾಖ್ಯಾನ ಬರೆದವರು. ಒಂದು ಮಾತು ಸತ್ಯ ಎಂದು ಒಪ್ಪಿ ಮನಸ್ಸು ಬಾಗುವುದು ತಸ್ದೀಕ್. ಸತ್ಯವೋ ಸುಳ್ಳೋ ಎಂಬ ವಿಚಾರಣೆಯೇ ಇಲ್ಲದೆ ಬೆರಗಿನಿಂದ, ಸಂತೋಷದಿಂದ ಮನಸ್ಸು ಬಾಗುವುದು ತಖ್‌ಯೀಲ್. (ನಮ್ಮ ಮುಜರಾಯಿ ಇಲಾಖೆಯ ಕಡತಗಳಲ್ಲಿ ಇಂದಿಗೂ ಉಳಿದಿರುವ 'ತಸ್ತೀಕ್' ಮೊದಲನೆಯ ಪದದ್ದೇ ರೂಪ. ಎರಡನೆಯದರ ನೆಂಟ ನಮ್ಮ 'ಖಯಾಲಿ'.) ಕವಿತೆ ಕೇಳುವುದು ಎರಡನೆಯದನ್ನು, ಸಾಕ್ಷಿ ಕಟ್ಟೆಯಲ್ಲಿ ನಿಂತವನು ಕೇಳುವುದು ಮೊದಲನೆಯದನ್ನು. ಫೋಟೋದ ಯುವತಿ ತಾನು ಲಾರಾ ಎಂದು ಯಾರ ಮುಂದೆಯೂ ಪ್ರಮಾಣ ಮಾಡಿಲ್ಲ. ಆದುದರಿಂದ ಇದು ವಂಚನೆ, ಸುಳ್ಳಿನ ಬದುಕು ಎಂದು ಗೊಣಗುವ ಹಿರಿಯರ ಜೊತೆ ನಾವಿಲ್ಲ.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ದ್ರೌಪದಿಯ ವೇಷಧಾರಿಗೆ ಹೋಲಿಸಿಕೊಳ್ಳಲು ಒಂದು ಮೂಲ ಚಿತ್ರವಿಲ್ಲ. ಮೇಳದಿಂದ ಮೇಳಕ್ಕೆ, ತಿಟ್ಟಿನಿಂದ ತಿಟ್ಟಿಗೆ ಅವಳು ಬೇರೆ ಬೇರೆ. ಲಾರಾಳಿಗೆ ಹಾಗಲ್ಲ, ಅವಳ ಅಂಗಿಯ ಬಣ್ಣ, ಬೆಲ್ಟಿನ ಬಕ್ಕಲ್, ಸೊಂಟದ ಸುತ್ತಳತೆ ಎಲ್ಲವೂ ಕಂಪನಿಯ ಕಂಪ್ಯೂಟರಿನಲ್ಲಿ ಸ್ಥಿರವಾಗಿವೆ. ಹೋಲಿಕೆ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ಅಳೆದು ನೋಡಬಹುದು. ಅಳೆಯುತ್ತಾರೆ ಕೂಡ. ಅಳೆಯುವುದು ಬೊಂಬೆಯನ್ನಲ್ಲ, ಬೊಂಬೆಯ ಅಳತೆಗೆ ಜೀವಂತ ಹೆಣ್ಣನ್ನು.

ಇಲ್ಲಿ ಒಂದು ಕಾಲದ ಹೊಂದಾಣಿಕೆ ನೆನಪಾಗುತ್ತದೆ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಮಹಿಳಾ ಸಂಘಟನೆಗಳಿಂದ ರೈತ ಸಂಘದವರೆಗೆ, ಎಡದಿಂದ ಬಲದವರೆಗೆ ವಿರೋಧ ಎಷ್ಟಿತ್ತೆಂದರೆ ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹೆಣ್ಣಿನ ದೇಹವನ್ನು ಟೇಪಿನಲ್ಲಿ ಅಳೆಯಬಾರದು ಎಂದು ನಮ್ಮವರು ಬೀದಿಯಲ್ಲಿ ನಿಂತು ಕೂಗುತ್ತಿದ್ದ ಅದೇ ದಿನಗಳಲ್ಲಿ ಇಂಗ್ಲೆಂಡಿನ ಅಂಗಡಿಗಳಿಗೆ ಲಾರಾ ಬಂದಿಳಿದಳು. ಅವಳಿಗೆ ಅಳತೆಯ ಹೊರತು ಬೇರೆ ದೇಹವೇ ಇರಲಿಲ್ಲ. ಕೆಲವು ನೂರು ತ್ರಿಕೋನಗಳನ್ನು ಅಂಟಿಸಿದರೆ ಅವಳು. ಅವಳ ವಿರುದ್ಧ ಯಾರೂ ಮೆರವಣಿಗೆ ಹೊರಡಲಿಲ್ಲ. ಹೊರಡುವುದಾದರೂ ಎಲ್ಲಿಗೆ?

ಮುಂದಿನ ಹತ್ತು ಹನ್ನೆರಡು ವರ್ಷ ಕಂಪನಿಯು ಅವಳ ಪಾತ್ರ ವಹಿಸಲು ಒಬ್ಬರ ನಂತರ ಒಬ್ಬರಂತೆ ರೂಪದರ್ಶಿಗಳನ್ನು ನೇಮಿಸಿತು. ರೋನಾ ಮಿತ್ರಾ, ನೆಲ್ ಮ್ಯಾಕ್‌ಆಂಡ್ರೂ, 2006ರಲ್ಲಿ ಕರೀಮಾ ಅದೆಬಿಬೆ, 2008ರಲ್ಲಿ ಜಿಮ್ನಾಸ್ಟಿಕ್ಸ್ ಪಟು ಅಲಿಸನ್ ಕ್ಯಾರಲ್. ಇವರಲ್ಲಿ ಮ್ಯಾಕ್‌ಆಂಡ್ರೂ ಕಥೆ ಬೋಧಪ್ರದವಾದದ್ದು. 1999ರಲ್ಲಿ ಆಕೆ 'ಪ್ಲೇಬಾಯ್' ಪತ್ರಿಕೆಗೆ ಚಿತ್ರ ತೆಗೆಸಿಕೊಂಡಾಗ ಅವರನ್ನು ಪಾತ್ರದಿಂದ ತೆಗೆದುಹಾಕಲಾಯಿತು. ಆಟದ ಹೆಸರನ್ನು ಬಳಸದಂತೆ ಪತ್ರಿಕೆಯ ವಿರುದ್ಧ ಕಾನೂನು ಕ್ರಮಕ್ಕೂ ಮುಂದಾದರು. ಆ ಪತ್ರಿಕೆಯ ಬಗ್ಗೆ ನಮಗೆ ಯಾವ ಗೌರವವೂ ಇಲ್ಲ. ಆದರೆ ಯೋಚಿಸಿ: ತಾವೇ ಬಿಗಿಯಂಗಿ ತೊಡಿಸಿ, ಪೋಸ್ಟರು ಮಾಡಿ, ಹದಿಹರೆಯದ ಹುಡುಗರಿಗೆ ಮಾರಿದವರು ಈಗ ಮಾನರಕ್ಷಣೆಗೆ ಹೊರಟರು. ಯಾರ ಮಾನ? ಆ ಹೆಣ್ಣಿನದ್ದಲ್ಲ, ಗೊಂಬೆಯದ್ದು. ಇನ್ನು ಲಾರಾಳನ್ನು ರೂಪಿಸಿದ ಟೋಬಿ ಗಾರ್ಡ್ 1997ರಲ್ಲೇ ಕಂಪನಿ ಬಿಟ್ಟಿದ್ದರು. ತಾನು ಕಟ್ಟಿದ ಪಾತ್ರದ ಮೇಲೆ ತನಗೇ ಹಿಡಿತ ತಪ್ಪಿದ್ದು ಅದಕ್ಕೊಂದು ಕಾರಣ.

2001ರಲ್ಲಿ ಸಿನಿಮಾ ಬಂತು. ಜಗತ್ತು ಸುಂದರಿ ಎಂದು ಒಪ್ಪಿದ್ದ ಏಂಜಲೀನಾ ಜೋಲಿ ಕೂಡ ಚಿತ್ರದ ಆಕಾರಕ್ಕೆ ಸಾಕಾಗಲಿಲ್ಲ, ಉಡುಪಿನೊಳಗೆ ಮೆತ್ತೆ ಇಟ್ಟುಕೊಳ್ಳಬೇಕಾಯಿತು. ಆದರೆ ಆ ಸಿನಿಮಾದಿಂದ ಇನ್ನೊಂದು ಸಂಗತಿಯೂ ನಡೆಯಿತು, ಅದನ್ನು ಹೇಳದೆ ಹೋದರೆ ಅನ್ಯಾಯ. ಚಿತ್ರೀಕರಣಕ್ಕಾಗಿ ಜೋಲಿ ಕಾಂಬೋಡಿಯಾದ ತಾ ಪ್ರೋಮ್ ದೇಗುಲಕ್ಕೆ ಹೋದರು. ಮರದ ಬೇರುಗಳು ಕಲ್ಲನ್ನು ಅಪ್ಪಿ ಹಿಡಿದ ಆ ಪಾಳು ಗುಡಿಯ ಸುತ್ತಲಿನ ನಾಡಿನಲ್ಲಿ ಅವರು ಕಂಡದ್ದು ಯುದ್ಧ ಬಿಟ್ಟುಹೋದ ನೆಲಬಾಂಬುಗಳನ್ನು, ಅಂಗಹೀನರಾದ ಜನರನ್ನು. ಮರುವರ್ಷ ಸಿಯೆರಾ ಲಿಯೋನ್, ತಾಂಜಾನಿಯ, ಆಮೇಲೆ ಪಾಕಿಸ್ತಾನದಲ್ಲಿದ್ದ ಅಫಘಾನ್ ನಿರಾಶ್ರಿತರ ಶಿಬಿರಗಳು. 2001ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಸೌಹಾರ್ದ ರಾಯಭಾರಿಯಾದವರು 2022ರ ಕೊನೆಯವರೆಗೂ ಆ ಸಂಸ್ಥೆಯೊಡನೆ ಕೆಲಸ ಮಾಡಿದರು. ಇಲ್ಲದ ಒಬ್ಬಳ ವೇಷ ಹಾಕಲು ಹೋದವರಿಗೆ ಇರುವ ಜನರು ಕಣ್ಣಿಗೆ ಬಿದ್ದರು.

ಇಷ್ಟು ಹೇಳಿದ ಮೇಲೆ ಫೋಟೋಕ್ಕೆ ಮರಳೋಣ. ಆ ಯುವತಿ ನಮ್ಮನ್ನು ನಂಬಿಸಿದ್ದು ಹೇಗೆ? ಸೋದರ ಸೊಸೆಯ ಒತ್ತಾಯಕ್ಕೆ ನಾವು ಆಟವನ್ನೂ ಸ್ವಲ್ಪ ಹೊತ್ತು ನೋಡಿದೆವು. ಆಡಲು ಪ್ರಯತ್ನಿಸಿದೆವು ಎಂದರೂ ಸುಳ್ಳಲ್ಲ, ಮೂರು ಸಲ ಬಂಡೆಯಿಂದ ಬಿದ್ದು ಸತ್ತೆವು. ಆಗ ಗಮನಕ್ಕೆ ಬಂದದ್ದು ಇದು. ಆಟದಲ್ಲಿ ಲಾರಾಳ ಮುಖ ಹೆಚ್ಚು ಕಾಣುವುದೇ ಇಲ್ಲ. ಆಡುವವನ ಕಣ್ಣು ಸದಾ ಅವಳ ಬೆನ್ನ ಹಿಂದೆ. ಅವಳು ಓಡುತ್ತಾಳೆ, ಹಾರುತ್ತಾಳೆ, ಈಜುತ್ತಾಳೆ, ಎಲ್ಲವನ್ನೂ ನಾವು ಹಿಂದಿನಿಂದ ನೋಡುತ್ತೇವೆ. ಮೊದಲ ಆಟದಲ್ಲಂತೂ ಆಡುವಾಗ ಅವಳಿಗೆ ಜಡೆಯೂ ಇರಲಿಲ್ಲ. ಅಲ್ಲಾಡುವ ಜಡೆಯನ್ನು ತೋರಿಸುವ ಶಕ್ತಿ ಆ ಯಂತ್ರಗಳಿಗಿನ್ನೂ ಬಾರದೆ ತುರುಬು ಕಟ್ಟಿಬಿಟ್ಟಿದ್ದರು, ಜಡೆ ಇಳಿದದ್ದು 1997ರ ಎರಡನೆಯ ಆಟದಲ್ಲಿ. ಹೀಗಿರುವಾಗ ಫೋಟೋದಲ್ಲಿ ನಮ್ಮನ್ನು ಹಿಡಿದಿಟ್ಟ ಆ ಮುಖಭಾವ, ಕತ್ತಲಿನೊಳಗೆ ಏನೋ ಇದೆ ಎಂದು ನಮಗೂ ಅನ್ನಿಸುವಂತೆ ಮಾಡಿದ ಆ ನೋಟ ಎಲ್ಲಿಂದ ಬಂತು? ಅದು ಲಾರಾಳದ್ದಲ್ಲ. ನಕಲು ಮಾಡಲು ಅಲ್ಲಿ ಮೂಲವೇ ಇಲ್ಲ. ಅದು ಆ ಯುವತಿಯದ್ದು.

ಬೂಟಿನ ಮೇಲಿನ ಕೆಸರು, ತರಚಿದ ಮೊಣಕಾಲು, ಹಣೆಗೆ ಅಂಟಿದ ಬೆವರಿನ ಕೂದಲು ಕೂಡ ಹಾಗೆಯೇ. 1996ರ ಲಾರಾ ಬೆವರುವುದಿಲ್ಲ, ಸುಸ್ತಾಗಿ ಕೂರುವುದಿಲ್ಲ. ಅವಳು ಗುಂಡಿ ಒತ್ತಿದರೆ ಹಾರುತ್ತಾಳೆ, ಒತ್ತದಿದ್ದರೆ ನಿಂತಲ್ಲೇ ನಿಂತಿರುತ್ತಾಳೆ. ಸ್ವತಂತ್ರ ಮಹಿಳೆಯ ಸಂಕೇತ ಎಂದು ಇಷ್ಟು ವರ್ಷ ಹೊಗಳಿಸಿಕೊಂಡ ಹೆಣ್ಣು ಇನ್ನೊಬ್ಬರ ಹೆಬ್ಬೆರಳಿನ ಅಪ್ಪಣೆಯಿಲ್ಲದೆ ಒಂದು ಹೆಜ್ಜೆ ಇಟ್ಟವಳಲ್ಲ! ಹಾಗೆ ನೋಡಿದರೆ ಎಲ್ಲಿ ಕಾಲಿಡಬೇಕು ಎಂದು ತಾನೇ ನಿರ್ಧರಿಸಿದ ಮೊದಲ ಲಾರಾ ಆ ಕಮಾನಿನ ಕೆಳಗಿನ ಯುವತಿಯೇ.

ಈ ಮಾತನ್ನು ನಾವು ತುಸು ಜಂಬದಿಂದಲೇ ಹೇಳಿದೆವು. ಸೊಸೆ ಒಪ್ಪಲಿಲ್ಲ. 'ಆಡುವಾಗ ನಾನು ಅವಳನ್ನು ಓಡಿಸುವುದಲ್ಲ ಮಾಮೂ, ನಾನೇ ಅವಳಾಗಿರುತ್ತೇನೆ. ಅವಳು ಬಿದ್ದರೆ "ಅಯ್ಯೋ ಬಿದ್ದೆ" ಅಂತೀನಿ, "ಬಿದ್ದಳು" ಅನ್ನಲ್ಲ. ನೀವೂ ಈಗ "ಸತ್ತೆವು" ಅಂತಲೇ ಹೇಳಿದಿರಿ' ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ವೇಷ ಹಾಕುವ ಆಸೆ ಹುಟ್ಟುವುದೂ ಅಲ್ಲಿಂದಲೇ ಇರಬೇಕು. ಕೋಣೆಯೊಳಗೆ ಯಾರಿಗೂ ಕಾಣದಂತೆ ತಾನು ಆಗಿದ್ದವಳನ್ನು ಹಗಲು ಬೆಳಕಿಗೆ ಕರೆತರುವ ಆಸೆ. ಅಷ್ಟರ ಮಟ್ಟಿಗೆ ನಮ್ಮ ಜಂಬ ಇಳಿಯಿತು.

ಆದರೂ ಹೊಗಳಿಕೆಯ ಬಗ್ಗೆ ನಮ್ಮ ತಕರಾರು ಉಳಿದೇ ಇದೆ. ಚರ್ಮ ಕತ್ತರಿಸಿ ಒರೆ ಹೊಲಿದದ್ದು, ರಬ್ಬರಿನಂಥ ಫೋಮ್ ಹಾಳೆಯನ್ನು ಬಿಸಿಮಾಡಿ ಬಾಗಿಸಿ ಪಿಸ್ತೂಲು ಮಾಡಿ ಲೋಹದ ಬಣ್ಣ ಬಳಿದದ್ದು, ಕನ್ನಡಿಯ ಮುಂದೆ ನಿಲ್ಲುವ ಭಂಗಿಯನ್ನು ನೂರು ಬಾರಿ ತಿದ್ದಿಕೊಂಡದ್ದು ಆಕೆ. ಕೊನೆಗೆ ಜನ ಹೇಳುವುದು, 'ಅಬ್ಬಾ, ಲಾರಾ!' ದುಡಿದವಳ ಕೂಲಿ ಬೊಂಬೆಯ ಖಾತೆಗೆ ಜಮೆ. ಅವಳಿಗೆ ಬೇಕಾದದ್ದೂ ಅದೇ ಉದ್ಗಾರ ಎಂಬುದು ನಿಜ. ಒಳ್ಳೆಯ ವೇಷಧಾರಿ ಕಾಣದಾಗುವುದರಲ್ಲೇ ಸುಖಪಡುತ್ತಾನೆ. ಆದರೆ ತಾನಾಗಿ ಮರೆಯಾಗುವುದು ಬೇರೆ, ನೋಡುವವರು ಅವಳನ್ನು ಅಳಿಸಿಹಾಕುವುದು ಬೇರೆ. ಈ ವ್ಯತ್ಯಾಸ ತಿಳಿಯದ ಕೈಗಳು ಸಮ್ಮೇಳನಗಳಲ್ಲಿ ವೇಷ ಧರಿಸಿದ ಹೆಣ್ಣುಮಕ್ಕಳ ಮೈಮುಟ್ಟಿವೆ, ಕೇಳದೆ ಕೆಳಗಿನಿಂದ ಫೋಟೋ ತೆಗೆದಿವೆ. ಚಿತ್ರವನ್ನು ಮುಟ್ಟಲು ಅನುಮತಿ ಯಾಕೆ ಎಂಬ ಲೆಕ್ಕಾಚಾರ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಬಾಗಿಲಲ್ಲಿ, ವೇಷ ಹಾಕಿದ್ದೇ ಸಮ್ಮತಿಯಲ್ಲ ಎಂಬ ಫಲಕವನ್ನು ನಿಲ್ಲಿಸಬೇಕಾಯಿತು. ಅಂಥ ಫಲಕ ಬೇಕಾಯಿತು ಎಂಬುದೇ ವೇಷದೊಳಗಿನ ಮನುಷ್ಯಳನ್ನು ಜನ ಎಷ್ಟು ಸುಲಭವಾಗಿ ಮರೆಯುತ್ತಾರೆ ಎನ್ನುವುದಕ್ಕೆ ಸಾಕ್ಷಿ.

ನೇರವಾಗಿ ಹೇಳಬೇಕಾದ ಇನ್ನೊಂದು ಮಾತು. ಅವಳು ನಾಯಕಿಯಾಗಿರುವ ಕಥೆಯೇ ಅಷ್ಟೇನೂ ಶುದ್ಧವಲ್ಲ. ಪೆರು, ಗ್ರೀಸ್, ಈಜಿಪ್ಟ್ - ಇಂಗ್ಲಿಷ್ ಕುಲೀನೆಯೊಬ್ಬಳು ಬೇರೆಯವರ ಪೂರ್ವಜರ ಗೋರಿಗೆ ಬಂದೂಕು ಹಿಡಿದು ಇಳಿಯುತ್ತಾಳೆ. ಲಂಡನ್ನಿನ ವಸ್ತುಸಂಗ್ರಹಾಲಯಗಳ ಕಪಾಟು ತುಂಬಿದ ಬಗೆ ಬಲ್ಲವರಿಗೆ ಇದು ಬರೇ ಆಟವಾಗಿ ಕಾಣುವುದಿಲ್ಲ. ಆಟ ತಯಾರಿಸುವವರಿಗೂ ಕಡೆಗೆ ಅಳುಕು ಹುಟ್ಟಿತೋ ಏನೋ, 2018ರ ಆಟದಲ್ಲಿ ಮೆಕ್ಸಿಕೋದ ಗುಡಿಯೊಂದರಿಂದ ಅವಳು ಎತ್ತಿಕೊಂಡ ಕಠಾರಿಯೇ ಮಹಾ ಅನಾಹುತಕ್ಕೆ ಕಾರಣವಾಗುತ್ತದೆ. ಉಡುಪೂ ಬದಲಾಗಿದೆ. 2013ರಲ್ಲಿ ಹೊಸದಾಗಿ ಕಟ್ಟಿದ ಲಾರಾ ಉದ್ದ ಪ್ಯಾಂಟು ತೊಟ್ಟು, ಕೈಯಲ್ಲಿ ಬಿಲ್ಲು ಹಿಡಿದು, ಗಾಯಗೊಂಡು, ಹೆದರಿ, ನಡುಗಿ ಮುಂದೆ ಸಾಗುವ ಹುಡುಗಿ. ಅಂದರೆ ಮೂಲವೇ ನಿಜದ ಹೆಣ್ಣುಮಕ್ಕಳ ಕಡೆಗೆ ನಾಲ್ಕು ಹೆಜ್ಜೆ ನಡೆದು ಬಂತು. ಅವಳಿಗೂ ಈಗ ಕೆಸರು ಮೆತ್ತುತ್ತದೆ. ಯಾರು ಯಾರ ನಕಲು?

ನಮ್ಮ ಸೊಸೆ ಇಷ್ಟೆಲ್ಲ ಕೇಳಿದ್ದಕ್ಕೆ ಕಾರಣ ಎರಡು ದಿನದ ಮೇಲೆ ಗೊತ್ತಾಯಿತು. ಬೆಂಗಳೂರಿನ ಮೇಳಕ್ಕೆ ತಾನೂ ಲಾರಾ ಆಗಿ ಹೋಗಬೇಕೆಂದಿದ್ದಾಳೆ. ಅವಳು ಸ್ಕಾರ್ಫ್ ತೊಡುವವಳು, ಅದನ್ನು ತೆಗೆಯುವುದಿಲ್ಲ. ತಾಯಿಗೆ ಇನ್ನೂ ಹೇಳಿಲ್ಲ. ಅವಳ ಹೆದರಿಕೆ ತಾಯಿಯದ್ದಲ್ಲ, ಬೇರೆ. 'ಅಲ್ಲಿ ಎಲ್ಲರೂ ಇದು ಯಾವ ಲಾರಾ ಅಂತ ನಕ್ಕರೆ?' ನಾವು ಮಲೇಷ್ಯ, ಇಂಡೋನೇಷ್ಯದ ಹುಡುಗಿಯರ ವಿಷಯ ನೆನಪಿಸಿದೆವು. ಅಲ್ಲಿ ಹಿಜಾಬ್ ಧರಿಸುವ ಕಾಸ್‌ಪ್ಲೇ ಕಲಾವಿದೆಯರು ಪಾತ್ರದ ಕೂದಲಿನ ಬಣ್ಣದ ಬಟ್ಟೆಯನ್ನೇ ಆರಿಸಿ, ಮಡಿಸಿ, ಪಿನ್ನು ಚುಚ್ಚಿ, ಆ ಕೇಶವಿನ್ಯಾಸದ ಆಕಾರವನ್ನೇ ಸ್ಕಾರ್ಫಿನಲ್ಲಿ ಕಟ್ಟುತ್ತಾರೆ. ಕೂದಲಿಲ್ಲ, ಆದರೂ ನೋಡಿದವರು ಪಾತ್ರವನ್ನು ಗುರುತು ಹಿಡಿಯುತ್ತಾರೆ. ಅದು ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಅವರ ಚಿತ್ರಗಳನ್ನು ತೆಗೆದೂ ಇಟ್ಟಿದ್ದಳು. ಕಂದು ಬಟ್ಟೆಯನ್ನು ಮೂರೆಳೆಯಾಗಿ ಹೆಣೆದು ಬೆನ್ನ ಮೇಲೆ ಇಳಿಬಿಟ್ಟರೆ ಜಡೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದಾಳೆ.

ನಗುವವರು ನಗಬಹುದು. ಫೋಟೋದ ಯುರೋಪಿನ ಯುವತಿಗೆ ಚಿತ್ರದ ಅಳತೆ ಹೆಚ್ಚುಕಡಿಮೆ ಹೊಂದಿತ್ತು, ಇವಳಿಗೆ ಎತ್ತರದಿಂದ ಹಿಡಿದು ಬಣ್ಣದವರೆಗೆ ಒಂದೂ ಹೊಂದುವುದಿಲ್ಲ. ಹಾಗಾದರೆ ಇವಳ ಬಳಿ ಉಳಿಯುವುದು ಏನು? ಆ ನೋಟ, ಹೆಜ್ಜೆ ಇಡುವ ರೀತಿ, ಕತ್ತಲಿನೊಳಗೆ ಏನೋ ಇದೆ ಎಂದು ನೋಡುವವರಿಗೆ ಅನ್ನಿಸುವಂತೆ ಮಾಡುವ ಶಕ್ತಿ. ಅದನ್ನು ಕಂಪನಿ ಕೊಟ್ಟಿರಲಿಲ್ಲ, ಆದುದರಿಂದ ಕಂಪನಿಯ ಟೇಪು ಅದನ್ನು ಅಳೆಯಲಾರದು. ನೋಡಲು ಬಂದವರು ಅದನ್ನು ಕಾಣುತ್ತಾರೆಯೇ ಎಂಬುದು ಅವಳ ಪರೀಕ್ಷೆಯಲ್ಲ, ಅವರ ಪರೀಕ್ಷೆ. ಈ ಮಾತನ್ನು ಅವಳಿಗೆ ಹೇಳಿದೆವು. 'ಮೊದಲು ಬಿಲ್ಲು ಮಾಡಬೇಕು ಮಾಮೂ' ಎಂದಳು.

ಹಿತ್ತಲಿನ ಬಿದಿರಿನಿಂದ ಒಂದು ಗಳ ಕಡಿದು ಕೊಟ್ಟಿದ್ದೇವೆ. ಬೆಂಕಿಗೆ ಹಿಡಿದು ಬಾಗಿಸುವಾಗ ಮೊದಲನೆಯದು ಮುರಿಯಿತು. ಎರಡನೆಯದು ಅಟ್ಟದಲ್ಲಿ ಕಲ್ಲಿನ ಭಾರಕ್ಕೆ ನಿಧಾನವಾಗಿ ಬಾಗುತ್ತಾ ಇದೆ. ಅದು ಏನಕ್ಕೆಂದು ತಂಗಿ ಕೇಳಿದ್ದಾಳೆ, ನಾವು ಇನ್ನೂ ಉತ್ತರಿಸಿಲ್ಲ.